ಹೆಸರು ಸುದ್ದಿಯಾಯಿತು, ಊರು ಸುದ್ದಿಯಾಗಲಿಲ್ಲ

2024ರಲ್ಲಿ ತಮಿಳುನಾಡಿನ ಶ್ರೀವಿಲ್ಲಿಪುತ್ತೂರು ಕಡೆಯ ಬೆಟ್ಟಗಳಿಂದ ಒಂದು ಪುಟ್ಟ ಹಲ್ಲಿ ಹೊಸ ಪ್ರಭೇದವೆಂದು ವರದಿಯಾಯಿತು. ಗಂಡಿನ ತಲೆ ಮತ್ತು ಮುಂಭಾಗ ಹಳದಿ, ಬೆನ್ನ ಮೇಲೆ ತಿಳಿನೀಲಿ ಚುಕ್ಕೆಗಳು. ನಕ್ಷತ್ರ ತುಂಬಿದ ರಾತ್ರಿಯನ್ನು ಬರೆದ ಡಚ್ ಚಿತ್ರಕಾರನ ನೆನಪಾಗಿ ಅದಕ್ಕೆ ವ್ಯಾನ್ ಗೋ ಹೆಸರಿಟ್ಟರು. ಒಂದು ವಾರವಿಡೀ ಅದೇ ಫೋಟೊ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಅದೇ ಸಂಶೋಧನಾ ಲೇಖನದಲ್ಲಿ ಇನ್ನೊಂದು ಹಲ್ಲಿಯೂ ಇತ್ತು. ಸತುರಗಿರಿ ಬೆಟ್ಟದಲ್ಲಿ ಸಿಕ್ಕಿದ್ದಕ್ಕೆ ಆ ಬೆಟ್ಟದ್ದೇ ಹೆಸರು ಪಡೆದಿತ್ತು. ಅದನ್ನು ಕೇಳಿದವರನ್ನು ನಾನಿನ್ನೂ ಕಂಡಿಲ್ಲ.

2021ರಲ್ಲೂ ಹೀಗೆಯೇ ಆಗಿತ್ತು. ಪಶ್ಚಿಮಘಟ್ಟದಿಂದ ಒಂದೇ ಲೇಖನದಲ್ಲಿ 12 ಹೊಸ ಪ್ರಭೇದಗಳು ಬಂದವು, ಪತ್ರಿಕೆಗಳಿಗೆ ಕಂಡದ್ದು ಜಾಕಿ ಚಾನ್ ಹೆಸರಿನದೊಂದೇ. ಕೈಗೆ ಸಿಗದೆ ಚಂಗನೆ ನೆಗೆದು ಬಂಡೆಯ ಸಂದಿಗೆ ನುಸುಳುವ ಹಲ್ಲಿಗೆ ಆ ಹೆಸರು ಒಪ್ಪುತ್ತದೆ, ನನ್ನ ತಕರಾರಿಲ್ಲ. ಉಳಿದ ಹನ್ನೊಂದು ಎಲ್ಲಿಯವು ಎಂದು ಯಾರೂ ಕೇಳಲಿಲ್ಲವಲ್ಲ, ತಕರಾರು ಅದು.

ಇವೆಲ್ಲ ನೆಮಾಸ್ಪಿಸ್ ಎಂಬ ಕುಲಕ್ಕೆ ಸೇರಿದ ಕುಬ್ಜ ಹಲ್ಲಿಗಳು. ಮೂತಿಯಿಂದ ಬಾಲದ ಬುಡದವರೆಗೆ ಅಳೆದರೆ ಅನೇಕ ಪ್ರಭೇದಗಳು 30–40 ಮಿಲಿಮೀಟರ್ ಮೀರುವುದಿಲ್ಲ. ನಮ್ಮ ಗೋಡೆಯ ಹಲ್ಲಿಯ ಮರಿ ಎಂದು ಭ್ರಮಿಸುವುದು ಸುಲಭ, ಆದರೆ ಎರಡು ಗುರುತು ನೋಡಿದರೆ ಸಾಕು. ಗೋಡೆಯ ಹಲ್ಲಿಯ ಕಣ್ಣಿನ ಪಾಪೆ ಹಗಲಿನಲ್ಲಿ ಸೀಳಿದಂತೆ ಉದ್ದಕ್ಕೆ ಕಿರಿದಾಗುತ್ತದೆ, ಇವುಗಳದ್ದು ದುಂಡಗಿರುತ್ತದೆ. ಬಹುತೇಕ ಇವು ಹಗಲಿನಲ್ಲಿ ಓಡಾಡುವ ಜೀವಿಗಳು. ಗೋಡೆಯ ಹಲ್ಲಿಗೆ ಬೆರಳಿನಡಿ ಅಂಟುವ ಅಗಲವಾದ ಮೆತ್ತೆಗಳಿವೆ, ಇವಕ್ಕಿಲ್ಲ. ತೆಳ್ಳನೆಯ, ಬಾಗಿದ ಬೆರಳು ಮತ್ತು ಉಗುರುಗಳಿಂದಲೇ ಬಂಡೆಯನ್ನೂ ಮರದ ತೊಗಟೆಯನ್ನೂ ಹಿಡಿಯುತ್ತವೆ. ಬಂಡೆಯ ಮರೆಯಲ್ಲಿ ಎರಡೆರಡು ಮೊಟ್ಟೆಗಳನ್ನು ಅಂಟಿಸುತ್ತವೆ.

ನೆರಳು, ತೇವ, ಸಂದುಗಳಿರುವ ಕಲ್ಲು ಅಥವಾ ಮರ, ಇಷ್ಟಿದ್ದರೆ ಬದುಕು ಸಾಗುತ್ತದೆ. ಇಷ್ಟು ಇಲ್ಲದ ಬಿಸಿಲ ಬಯಲನ್ನು ದಾಟಿ ಪಕ್ಕದ ಗುಡ್ಡಕ್ಕೆ ಹೋಗಲು ಇವುಗಳಿಂದಾಗದು. ಲಕ್ಷಾಂತರ ವರ್ಷ ಹೀಗೆ ಒಂದೊಂದು ಗುಡ್ಡದಲ್ಲಿ ಬೇರೆಯಾಗಿ ಉಳಿದ ಗುಂಪುಗಳು ಕೊನೆಗೆ ಬೇರೆ ಪ್ರಭೇದಗಳೇ ಆಗುತ್ತವೆ. ಭಾರತ ಮತ್ತು ಶ್ರೀಲಂಕಾ ಸೇರಿ ಇಂದು ಇವುಗಳ ಸಂಖ್ಯೆ ನೂರನ್ನು ದಾಟಿದೆ, ಅದರಲ್ಲಿ ದೊಡ್ಡ ಪಾಲು ಕಳೆದ ಇಪ್ಪತ್ತು ವರ್ಷಗಳಲ್ಲಿ ಸೇರಿದ್ದು. ಕೆರಿಬಿಯನ್ನಿನ ಕುಬ್ಜ ಹಲ್ಲಿಗಳದ್ದೂ ಇದೇ ಕಥೆ. 2001ರಲ್ಲಿ ಡೊಮಿನಿಕನ್ ಗಣರಾಜ್ಯದ ಬಿಯಾಟಾ ದ್ವೀಪದಿಂದ ವರದಿಯಾದ ಸ್ಫೆರೊಡ್ಯಾಕ್ಟಿಲಸ್ ಅರಿಯಾಸೇ ಸುಮಾರು 16 ಮಿಲಿಮೀಟರಿನದು, ಜಗತ್ತಿನ ಅತಿ ಚಿಕ್ಕ ಹಲ್ಲಿಗಳಲ್ಲಿ ಒಂದು. ಅಲ್ಲಿ ಸಮುದ್ರ ತಡೆದಿದ್ದನ್ನು ಇಲ್ಲಿ ಒಣ ಬಯಲು ತಡೆದಿದೆ.

‘ಸುಮ್ಮನೆ ಒಂದನ್ನೇ ಹತ್ತಾಗಿ ಒಡೆದು ಹೆಸರಿಡುತ್ತಾರೆ’ ಎನ್ನುವವರು ಇದ್ದಾರೆ. ಕೆಲವೊಮ್ಮೆ ನನಗೂ ಅನುಮಾನ ಬಂದದ್ದುಂಟು. ಆದರೆ ಇಲ್ಲಿ ಬೆನ್ನಿನ ಹುರುಪೆಗಳ ಜೋಡಣೆ, ಗಂಡಿನ ತೊಡೆಯಡಿಯ ಸಣ್ಣ ರಂಧ್ರಗಳ ಎಣಿಕೆ, ಜೀನುಗಳ ಹೋಲಿಕೆ ಮೂರೂ ಒಂದೇ ಮಾತು ಹೇಳುತ್ತಿವೆ. ಜೀನುಗಳು ಇನ್ನೂ ದೊಡ್ಡದೊಂದು ಗಂಟನ್ನು ಬಿಚ್ಚಿವೆ. ಆಫ್ರಿಕಾ, ದಕ್ಷಿಣ ಏಷ್ಯಾ, ಆಗ್ನೇಯ ಏಷ್ಯಾಗಳಲ್ಲಿ ನೆಮಾಸ್ಪಿಸ್ ಎಂದು ಕರೆಸಿಕೊಳ್ಳುತ್ತಿದ್ದ ಹಲ್ಲಿಗಳು ಒಂದಕ್ಕೊಂದು ಹತ್ತಿರದ ಸಂಬಂಧಿಗಳೇ ಅಲ್ಲ, ಒಂದೇ ಬಗೆಯ ಬದುಕು ಅವನ್ನು ಒಂದೇ ಬಗೆಯಲ್ಲಿ ರೂಪಿಸಿದೆ. ಆಫ್ರಿಕಾದವಕ್ಕೆ ಈಗ ಆನ್ಸಿಲೊಡ್ಯಾಕ್ಟಿಲಸ್ ಎಂಬ ಹಳೆಯ ಹೆಸರನ್ನೇ ಮರಳಿ ಕೊಟ್ಟಿದ್ದಾರೆ.

ಇನ್ನು ನಮ್ಮ ರಾಜ್ಯಕ್ಕೆ ಬರುತ್ತೇನೆ. ಮದ್ರಾಸ್ ಸೇನೆಯಲ್ಲಿ ವೈದ್ಯನಾಗಿದ್ದ ಥಾಮಸ್ ಜೆರ್ಡನ್ 1853ರಲ್ಲೇ ಮೈಸೂರಿನ ಹೆಸರಿಟ್ಟು ಒಂದು ಕುಬ್ಜ ಹಲ್ಲಿಯನ್ನು ವರ್ಣಿಸಿದ: ನೆಮಾಸ್ಪಿಸ್ ಮೈಸೋರಿಯೆನ್ಸಿಸ್. ಆತನ ಮೂಲ ಮಾದರಿ ಉಳಿದಿರಲಿಲ್ಲ. ಹೊಸ ಮಾದರಿಯನ್ನು ಆರಿಸಿ, ಇದು ಇಂಥದ್ದೇ ಹಲ್ಲಿ ಎಂದು ಗಟ್ಟಿಯಾಗಿ ಹೇಳಲು 2009 ಬರಬೇಕಾಯಿತು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಮೈಸೂರಿನ ಹೆಸರು ಹೊತ್ತ ಜೀವಿಯೊಂದು ಕಾಗದದಲ್ಲಷ್ಟೇ ಇತ್ತು.

2002ರಲ್ಲಿ ಉತ್ತರ ಕನ್ನಡದ ಗುಂದದಿಂದ ಒಂದೇ ಲೇಖನದಲ್ಲಿ ಎರಡು ಹೊಸ ಪ್ರಭೇದಗಳು ಬಂದವು, ಹೆಟೆರೊಫೋಲಿಸ್ ಮತ್ತು ಇಂದ್ರನೀಲ್‌ದಾಸಿ. ಒಂದೇ ಹಳ್ಳಿಯಿಂದ ಎರಡು ಹಲ್ಲಿಗಳು! ಬೇರೆ ದೇಶವಾಗಿದ್ದರೆ ಊರ ಬಾಗಿಲಲ್ಲಿ ಫಲಕ ಹಾಕುತ್ತಿದ್ದರೋ ಏನೋ. 2015ರಲ್ಲಿ ಹಂಪಿಯಿಂದ ನೆಮಾಸ್ಪಿಸ್ ಆದೀ ಬಂತು. ಲಕ್ಷಾಂತರ ಜನ ಕ್ಯಾಮೆರಾ ಹಿಡಿದು ತಿರುಗುವ ಜಾಗದಲ್ಲಿ, ಕಲ್ಲಿನ ಒಂದೊಂದು ಕಂಬವನ್ನೂ ದಾಖಲಿಸಿರುವ ಜಾಗದಲ್ಲಿ, ಕಲ್ಲಿನ ಮೇಲೆ ಹರಿದಾಡುವ ಜೀವಿಗೆ ಅಲ್ಲಿಯವರೆಗೆ ಹೆಸರಿರಲಿಲ್ಲ. 2020ರಲ್ಲಿ ಸಕಲೇಶಪುರದಿಂದ ಬಂಡೆವಾಸಿ ಮ್ಯಾಗ್ನಿಫಿಕಾ ಬಂತು, ಈ ಕುಬ್ಜರ ಗುಂಪಿನಲ್ಲಿ ಅದು ಭಾರಿ ಆಳು. ಮಲೆನಾಡಿನ ಮಳೆಕಾಡು ಮತ್ತು ಬಳ್ಳಾರಿ ಸೀಮೆಯ ಬಿಸಿಲ ಬಂಡೆ, ಎರಡೂ ಕಡೆ ಇವು ಇವೆ ಎಂಬುದನ್ನು ಗಮನಿಸಿ. ಜೀವವೈವಿಧ್ಯವೆಂದರೆ ಹಸಿರು ಕಾಡು ಮಾತ್ರ ಎಂದು ಹೇಳಿಕೊಟ್ಟ ಪಾಠ ಇಲ್ಲಿ ಹೊಂದುವುದಿಲ್ಲ.

ನನ್ನ ವಾದ ಇರುವುದೇ ಇಲ್ಲಿ. ಪಶ್ಚಿಮಘಟ್ಟದ ಹಲ್ಲಿಗೆ ಒಂದಷ್ಟು ಅರಣ್ಯ ಇಲಾಖೆಯ ಬೇಲಿಯಿದೆ, ಮಾತಾಡಲು ಜನರಿದ್ದಾರೆ. ಬಯಲುಸೀಮೆಯ ಬೋಳು ಗುಡ್ಡದ ಹಲ್ಲಿಗೆ ಏನಿದೆ? ರಾಮನಗರ, ತುಮಕೂರು, ಚಿಕ್ಕಬಳ್ಳಾಪುರ, ಕೋಲಾರದ ಬಂಡೆಗುಡ್ಡಗಳಲ್ಲಿ ಎಷ್ಟೋ ಕಂದಾಯ ದಾಖಲೆಯಲ್ಲಿ ಖರಾಬು ಜಮೀನು. ಕಣ್ಣಿಗೆ ಕಲ್ಲು, ಕುರುಚಲು, ಸೀತಾಫಲದ ಗಿಡ. ಅಲ್ಲಿ ಏನೂ ಇಲ್ಲವೆಂದು ತೀರ್ಮಾನಿಸುವುದಕ್ಕೆ ಗುಡ್ಡ ಹತ್ತುವ ಅಗತ್ಯವೂ ಬೀಳುವುದಿಲ್ಲ. ಒಂದು ಕ್ವಾರಿ ಒಂದು ಗುಡ್ಡವನ್ನು ಪೂರ್ತಿ ತಿನ್ನಬಲ್ಲದು, ಒಂದು ಪ್ರಭೇದದ ಇಡೀ ನೆಲೆಯೂ ಕೆಲವೊಮ್ಮೆ ಅಷ್ಟೇ ಇರುತ್ತದೆ. ಹುಲಿಗೆ ಇನ್ನೊಂದು ಕಾಡಾದರೂ ಇದೆ.

ಐದು ಹೆಕ್ಟೇರಿಗಿಂತ ಚಿಕ್ಕ ಗಣಿಗುತ್ತಿಗೆಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಕಾನೂನು ಇದೆ, ಸರಿ. ಆ ಅನುಮತಿಗಾಗಿ ಸಿದ್ಧವಾದ ಕೆಲವು ವರದಿಗಳನ್ನು ಓದಿದ್ದೇನೆ. ಪ್ರಾಣಿಗಳ ಪಟ್ಟಿಯಲ್ಲಿ ಮೊಲ, ಮುಂಗುಸಿ, ಕಾಗೆ, ಗುಬ್ಬಿ, ಓತಿಕ್ಯಾತ. ಹಲ್ಲಿ ಇದ್ದರೆ ಅದು ಮನೆಯ ಹಲ್ಲಿ. ಒಂದು ವರದಿಯ ಪಟ್ಟಿ ಇನ್ನೊಂದು ತಾಲ್ಲೂಕಿನ ವರದಿಯಲ್ಲಿ ಅದೇ ಕ್ರಮದಲ್ಲಿ ಕಾಣಿಸಿಕೊಂಡರೂ ಯಾರಿಗೂ ಬೇಸರವಿಲ್ಲ. ನಮ್ಮ ಪಂಚಾಂಗವೇ ವಾಸಿ, ಹಲ್ಲಿ ತಲೆಯ ಮೇಲೆ ಬಿದ್ದರೆ ಏನು ಫಲ, ಭುಜದ ಮೇಲೆ ಬಿದ್ದರೆ ಏನು ಫಲ ಎಂದು ಅಂಗಾಂಗವಾಗಿ ಬರೆದಿಡುತ್ತದೆ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಜಾತಿಗಳ ದಾಖಲಾತಿ ಇರಬೇಕು. ಅದರಲ್ಲಿ ಬಂಡೆಗುಡ್ಡಕ್ಕೂ ಒಂದು ಪುಟ ಬೇಕು. ಹಳ್ಳಿಯ ಶಾಲೆಯ ಮಕ್ಕಳಿಗೂ ದುಂಡು ಕಣ್ಣು, ಮೆತ್ತೆಯಿಲ್ಲದ ಬೆರಳು ಗುರುತಿಸಲು ಬರುತ್ತದೆ. ಹಾಗೆಂದು ಹೊಸ ಹಲ್ಲಿ ಕಂಡವರು ಉತ್ಸಾಹದಲ್ಲಿ ನಿಖರವಾದ ಜಾಗವನ್ನು ಅಂತರ್ಜಾಲದಲ್ಲಿ ಹಾಕಬೇಡಿ. ವಿಯೆಟ್ನಾಮಿನ ಹೋನ್ ಖ್ವಾಯ್ ದ್ವೀಪದ ಬಣ್ಣಬಣ್ಣದ ಹಲ್ಲಿ 2010ರಲ್ಲಿ ಲೋಕಕ್ಕೆ ಪರಿಚಯವಾಯಿತು. ಸಾಕುವ ಶೋಕಿಯವರ ಕಣ್ಣು ಬಿದ್ದು, 2016ರ ಹೊತ್ತಿಗೆ ಅದರ ಅಂತರರಾಷ್ಟ್ರೀಯ ಮಾರಾಟವನ್ನು ನಿಷೇಧಿಸುವ ಪಟ್ಟಿಗೆ ಸೇರಿಸಬೇಕಾಯಿತು. ಟಾಂಜಾನಿಯಾದ ನೀಲಿ ಕುಬ್ಜ ಹಲ್ಲಿಯೂ ಅದೇ ವರ್ಷ ಆ ಪಟ್ಟಿ ಸೇರಿತು. ತಾಲ್ಲೂಕಿನ ಹೆಸರು ಬರೆದರೆ ಸಾಕು, ಗುಡ್ಡದ ಹೆಸರು ಅಧ್ಯಯನ ಮಾಡುವವರ ಬಳಿ ಇರಲಿ.

‘ಹಾಗಾದರೆ ಮನೆ ಕಟ್ಟಲು ಜಲ್ಲಿ ಎಲ್ಲಿಂದ ತರುವುದು’ ಎಂದು ಕೆಳಗೆ ಯಾರಾದರೂ ಕೇಳುತ್ತೀರಿ. ಕ್ವಾರಿ ಬೇಡವೆಂದು ನಾನು ಹೇಳಿಲ್ಲ, ನನ್ನ ಮನೆಯ ತಾರಸಿಯಲ್ಲೂ ಅದೇ ಜಲ್ಲಿ ಇದೆ. ಗುತ್ತಿಗೆ ಕೊಡುವ ಮೊದಲು, ಮಳೆಗಾಲದಲ್ಲಿ ಒಮ್ಮೆ, ಸರೀಸೃಪ ಬಲ್ಲವರೊಬ್ಬರು ಆ ಗುಡ್ಡ ಹತ್ತಿ ಕಲ್ಲಿನ ಸಂದುಗಳನ್ನು ನೋಡಲಿ. ಅವರು ಕಂಡದ್ದನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ. ಇದಕ್ಕೆ ತಗಲುವ ಖರ್ಚು ಒಂದು ಸ್ಫೋಟದ ಖರ್ಚಿಗಿಂತ ಎಷ್ಟು ಹೆಚ್ಚು ಎಂದು ಬಲ್ಲವರು ಲೆಕ್ಕ ಹಾಕಿ ಹೇಳಿ, ಆಮೇಲೆ ಜಗಳವಾಡೋಣ.