‘ಆನ್ ಯುವರ್ ಲೆಫ್ಟ್’ ಅಂದರೆ ನಮ್ಮಮ್ಮಂದಿರು ಎಡಕ್ಕೇ ಸರಿಯುತ್ತಾರೆ

ಹೋದ ವರ್ಷ ಅಕ್ಟೋಬರಿನ ಒಂದು ಸಂಜೆ ನನ್ನಿಂದಾಗಿ ಒಬ್ಬರು ಅಮ್ಮ ಬಿದ್ದರು. ಇಷ್ಟು ದಿನ ಅದನ್ನು ಇಲ್ಲಿ ಬರೆದಿರಲಿಲ್ಲ. ಈಗ ಬರೆಯಲೇಬೇಕು ಅನ್ನಿಸಿದೆ. ಮೇ ತಿಂಗಳು ಬಂತು, ಊರಿನಿಂದ ಅಪ್ಪ ಅಮ್ಮಂದಿರು ಬಂದಿಳಿಯುವ ಕಾಲ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಡೆಯುವವರೂ ಸೈಕಲ್‌ನವರೂ ಹಂಚಿಕೊಳ್ಳುವ ಟ್ರೇಲ್‌ಗಳ ಮೇಲೆ ಸಂಜೆ ಐದೂವರೆಗೆ ಸೀರೆ, ಸ್ವೆಟರ್, ಸ್ಪೋರ್ಟ್ಸ್ ಶೂ ಕಾಣಿಸಲು ಶುರುವಾಗಿದೆ.

ನಾನು ಯೂನಿಸೈಕಲ್ ಓಡಿಸುತ್ತೇನೆ. ಒಂದೇ ಚಕ್ರ, ಒಂದು ಸೀಟು, ಎರಡು ಪೆಡಲ್. ಹ್ಯಾಂಡಲ್ ಇಲ್ಲ, ಚೈನ್ ಇಲ್ಲ. ನಮ್ಮ ಕಡೆಯವರಿಗೆ ಇದು ಸರ್ಕಸ್ಸಿನಲ್ಲಿ ನೋಡಿ ಗೊತ್ತು. ನನಗೆ ಇದು ವ್ಯಾಯಾಮ. ಮೂರು ವರ್ಷದ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಮೂರು ತಿಂಗಳ ಸರಾಸರಿ ಶುಗರ್ 6.1 ಬಂದಿತ್ತು. 5.7 ದಾಟಿದರೆ ಶುಗರಿನ ಹೊಸ್ತಿಲು, 6.5 ಬಂದರೆ ಒಳಗೇ ಹೋದ ಹಾಗೆ. ನಮ್ಮಪ್ಪನಿಗೂ ಇತ್ತು, ಅಜ್ಜನಿಗೂ ಇತ್ತು. ಜಿಮ್ಮಿಗೆ ಹೋದೆ, ಎರಡು ತಿಂಗಳಿಗೆ ಬಿಟ್ಟೆ. ಟ್ರೆಡ್‌ಮಿಲ್ ಮೇಲೆ ಓಡುತ್ತಾ ಆಫೀಸಿನ ಮೆಸೇಜ್ ನೋಡುತ್ತಿದ್ದೆ. ದೇಹ ಅಲ್ಲಿ, ತಲೆ ಇನ್ನೆಲ್ಲೋ.

ಯೂನಿಸೈಕಲ್ ಮೇಲೆ ಅದು ಸಾಧ್ಯವೇ ಇಲ್ಲ. ಮನಸ್ಸು ಒಂದು ಕ್ಷಣ ಆಚೆ ಹೋದರೆ ಕಾಲು ನೆಲದ ಮೇಲೆ ಇರುತ್ತದೆ.

ಕಲಿಯಲು ನನಗೆ ಆರು ವಾರ ಹಿಡಿಯಿತು. ದಿನಕ್ಕೆ ಅರ್ಧ ಗಂಟೆ, ಮನೆ ಹತ್ತಿರದ ಟೆನಿಸ್ ಕೋರ್ಟಿನ ಬೇಲಿ ಹಿಡಿದುಕೊಂಡು. ಕಲಿಯುವವರಿಗೆ 20 ಇಂಚಿನ ಚಕ್ರ ಸಾಕು. ಮೊದಲ ಎರಡು ವಾರ ಪೆಡಲ್ ಬಂದು ಮೊಣಕಾಲಿನ ಕೆಳಗೆ ಹೊಡೆಯುತ್ತಲೇ ಇತ್ತು. ಅದಕ್ಕೇ ಹೇಳುವುದು, ಹೆಲ್ಮೆಟ್ಟಿನ ಜೊತೆ ಕಣಕಾಲಿಗೂ ಮಣಿಕಟ್ಟಿಗೂ ಗಾರ್ಡ್ ಹಾಕಿಕೊಳ್ಳಿ. ಆಮೇಲೆ ಗೊತ್ತಾದ ಮುಖ್ಯ ವಿಷಯ ಒಂದೇ: ಮೈಭಾರವನ್ನು ಕಾಲಿನ ಮೇಲೆ ಬಿಡಬಾರದು, ಸೀಟಿನ ಮೇಲೆ ಬಿಡಬೇಕು. ಹೆದರಿದವರು ಪೆಡಲ್ ಮೇಲೆ ನಿಲ್ಲುತ್ತಾರೆ. ನಿಂತರೆ ಎರಡೇ ನಿಮಿಷಕ್ಕೆ ತೊಡೆ ಉರಿಯುತ್ತದೆ. ಕೂತು, ಕಣ್ಣು ದೂರಕ್ಕಿಟ್ಟು, ಸೊಂಟ ಸಡಿಲ ಬಿಟ್ಟ ದಿನ ನಾನು ಬೇಲಿ ಬಿಟ್ಟು ಹದಿನೇಳು ಸುತ್ತು ಪೆಡಲ್ ತುಳಿದೆ. ಎಣಿಸಿದ್ದೇನೆ. ಹೆಂಡತಿ ಚಪ್ಪಾಳೆ ಹೊಡೆದಳು.

ಈಗ ನನ್ನದು 29 ಇಂಚಿನ ಚಕ್ರ. ಇದರಲ್ಲಿ ಗೇರಿಲ್ಲ, ಫ್ರೀ ವೀಲ್ ಇಲ್ಲ. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಒಂದು ಸುತ್ತಿಗೆ ಸುಮಾರು 2.3 ಮೀಟರ್ ಮುಂದಕ್ಕೆ. ಹತ್ತು ಕಿಲೋಮೀಟರ್ ಹೋಗಲು ನಾಲ್ಕು ಸಾವಿರದ ಮುನ್ನೂರು ಸಲ ತುಳಿಯಬೇಕು. ಮಾಮೂಲಿ ಸೈಕಲ್‌ನಲ್ಲಿ ಇಳಿಜಾರು ಬಂದರೆ ಕಾಲಿಗೆ ರಜೆ. ಇಲ್ಲಿ ಇಳಿಜಾರಿನಲ್ಲೇ ಕೆಲಸ ಜಾಸ್ತಿ, ಏಕೆಂದರೆ ಮುಂದಕ್ಕೆ ಓಡುವ ಚಕ್ರವನ್ನು ಕಾಲಿನಿಂದಲೇ ಹಿಂದಕ್ಕೆ ಹಿಡಿದಿಟ್ಟುಕೊಳ್ಳಬೇಕು. ಹೊಟ್ಟೆ, ಬೆನ್ನು, ಸೊಂಟದ ಸಣ್ಣ ಸಣ್ಣ ಸ್ನಾಯುಗಳೆಲ್ಲ ಪ್ರತಿ ಕ್ಷಣ ತಿದ್ದುತ್ತಲೇ ಇರುತ್ತವೆ. ನನ್ನ ಶುಗರ್ ಈಗ 5.6. ಎಲ್ಲ ಯೂನಿಸೈಕಲ್‌ನಿಂದಲೇ ಅಂತ ಹೇಳುವುದಿಲ್ಲ, ರಾತ್ರಿ ಅನ್ನವನ್ನೂ ಕಡಿಮೆ ಮಾಡಿದ್ದೇನೆ. ಆದರೆ ವಾರಕ್ಕೆ ನಾಲ್ಕು ದಿನ ತಪ್ಪದೆ ಮನೆಯಿಂದ ಹೊರಗೆ ಬೀಳುವಂತೆ ಮಾಡಿದ್ದು ಇದೇ.

ಜಗತ್ತಿನಲ್ಲಿ ನಾನೊಬ್ಬನೇ ಅಲ್ಲ. ಎಡ್ ಪ್ರ್ಯಾಟ್ ಅನ್ನುವ ಇಂಗ್ಲೆಂಡಿನ ಹುಡುಗ 2015ರಲ್ಲಿ ಸಾಮರ್ಸೆಟ್‌ನಿಂದ 36 ಇಂಚಿನ ಯೂನಿಸೈಕಲ್ ಹತ್ತಿ ಹೊರಟು, 2018ರಲ್ಲಿ ಭೂಮಿ ಸುತ್ತಿ ಮನೆಗೆ ಬಂದ. ಕೆನಡಾದ ಕ್ರಿಸ್ ಹೋಮ್ ಇದನ್ನು ಕಾಡು, ಬೆಟ್ಟ, ಬಂಡೆಗಳ ಮೇಲೆ ಹತ್ತಿಸಿ, ಅದಕ್ಕೆ ತಕ್ಕ ಗಟ್ಟಿ ಚಕ್ರಗಳನ್ನೂ ಮಾಡಿಸಿದರು. ಜಪಾನಿನ ಪ್ರೈಮರಿ ಶಾಲೆಗಳಲ್ಲಿ ಮಕ್ಕಳು ಬಿಡುವಿನಲ್ಲಿ ಯೂನಿಸೈಕಲ್ ಓಡಿಸುವುದು ಅಪರೂಪವೇ ಅಲ್ಲ.

ನಾನು ಹೋಗುವುದು ಲಾಸ್ ಗಾಟೋಸ್ ಕ್ರೀಕ್ ಟ್ರೇಲ್ ಮೇಲೆ. ಸ್ಯಾನ್ ಹೋಸೆಯಿಂದ ಕ್ಯಾಂಪ್‌ಬೆಲ್ ದಾಟಿ, ಹೈವೇ 17ರ ಪಕ್ಕದಲ್ಲೇ ಹಳ್ಳದ ಜೊತೆ ಜೊತೆಗೆ ಹೋಗುತ್ತದೆ. ಕ್ಯಾಂಪ್‌ಬೆಲ್ ಹತ್ತಿರ ದೊಡ್ಡ ದೊಡ್ಡ ಇಂಗುಕೊಳಗಳಿವೆ, ಅಂತರ್ಜಲಕ್ಕೆ ನೀರು ಇಳಿಸಲು ಮಾಡಿದ್ದು. ಅಲ್ಲಿ ಬೆಳ್ಳಕ್ಕಿ ನಿಂತಿರುತ್ತವೆ, ಹೆಬ್ಬಾತುಗಳು ದಾರಿಗೇ ಅಡ್ಡ ಕೂತಿರುತ್ತವೆ. ಮುಂದೆ ವಾಸೋನಾ ಕೆರೆ. ಅದರ ಪಕ್ಕದ ಪಾರ್ಕಿನಲ್ಲಿ ಮಕ್ಕಳ ಪುಟಾಣಿ ರೈಲು. ಇನ್ನೂ ಮುಂದೆ ಹೋದರೆ ಲೆಕ್ಸಿಂಗ್ಟನ್ ಅಣೆಕಟ್ಟಿನ ಏರು. 1952ರಲ್ಲಿ ಆ ಅಣೆಕಟ್ಟು ಕಟ್ಟಿದಾಗ ಲೆಕ್ಸಿಂಗ್ಟನ್, ಆಲ್ಮಾ ಅನ್ನುವ ಎರಡು ಊರು ನೀರಿನ ಕೆಳಗೆ ಹೋದವು. ನಮ್ಮಮ್ಮನ ತವರೂ ಲಿಂಗನಮಕ್ಕಿಯಲ್ಲಿ ಮುಳುಗಿದ್ದು. ಹಾಗಾಗಿ ಅಣೆಕಟ್ಟಿನ ಮೇಲೆ ಹೋದಾಗಲೆಲ್ಲ ಇಳಿದು ಎರಡು ನಿಮಿಷ ನಿಲ್ಲುತ್ತೇನೆ.

ಆ ಸಂಜೆಯ ಮಾತಿಗೆ ಬರುತ್ತೇನೆ.

ಇಂಗುಕೊಳದ ಹತ್ತಿರ ಇಬ್ಬರು ಹಿರಿಯರು ಮುಂದೆ ನಡೆದು ಹೋಗುತ್ತಿದ್ದರು. ಯಜಮಾನರು ಎರಡು ಹೆಜ್ಜೆ ಮುಂದೆ, ಅಮ್ಮ ಹಿಂದೆ. ನನ್ನ ವೇಗ ಗಂಟೆಗೆ ಹನ್ನೊಂದು ಕಿಲೋಮೀಟರ್ ಇರಬಹುದು. ಇಲ್ಲಿನ ಪದ್ಧತಿಯಂತೆ ಹಿಂದಿನಿಂದ ‘ಆನ್ ಯುವರ್ ಲೆಫ್ಟ್’ ಅಂದೆ. ನಿಮ್ಮ ಎಡಗಡೆಯಿಂದ ದಾಟಿ ಹೋಗುತ್ತಿದ್ದೇನೆ, ನೀವು ಬಲಕ್ಕೇ ಇರಿ ಅಂತ ಅದರ ಅರ್ಥ. ಅಮ್ಮನಿಗೆ ಕೇಳಿಸಿದ್ದು ‘ಲೆಫ್ಟ್’ ಒಂದೇ. ಗಾಬರಿಯಿಂದ ಎಡಕ್ಕೇ ಸರಿದರು, ನೇರ ನನ್ನ ಚಕ್ರದ ಮುಂದೆ.

ನಾನು ಜಿಗಿದೆ. ಯೂನಿಸೈಕಲ್‌ನಲ್ಲಿ ಎದುರಿಗೆ ಹ್ಯಾಂಡಲ್ ಇಲ್ಲದ್ದರಿಂದ ಮುಂದಕ್ಕೆ ಹಾರಿ ಕಾಲ ಮೇಲೆ ನಿಲ್ಲಬಹುದು. ನಾನು ನಿಂತೆ. ಚಕ್ರ ಹಿಂದೆ ಬಿತ್ತು, ಅವರಿಗೆ ತಾಗಲಿಲ್ಲ. ಆದರೆ ಅವರು ತಪ್ಪಿಸಿಕೊಳ್ಳಲು ಹೋಗಿ ಟಾರ್ ಅಂಚಿನ ಜಲ್ಲಿ ಮೇಲೆ ಕಾಲಿಟ್ಟು ಜಾರಿ, ಕೈಯೂರಿ ಬಿದ್ದರು.

‘ಅಯ್ಯೋ ರಾಮಾ’ ಅಂದರು. ಕನ್ನಡ!

‘ಅಮ್ಮಾ, ಕ್ಷಮಿಸಿ, ಎಲ್ಲಿ ನೋವಾಯಿತು?’ ಅಂತ ಬಗ್ಗಿದೆ. ಅವರು ಕೈ ಹಿಡಿದುಕೊಂಡು ನನ್ನ ಮುಖ ನೋಡಿದರು. ‘ಲೆಫ್ಟ್ ಅಂದೆಯಲ್ಲಪ್ಪಾ, ಅದಕ್ಕೇ ಲೆಫ್ಟಿಗೆ ಬಂದೆ’ ಅಂದರು. ಬೈಗುಳವೇ ಇರಲಿಲ್ಲ ಆ ಮಾತಿನಲ್ಲಿ. ತಾವೇ ತಪ್ಪು ಮಾಡಿದವರ ಹಾಗೆ ಹೇಳಿದರು. ನನಗೆ ಇವತ್ತಿಗೂ ಅದು ಚುಚ್ಚುತ್ತದೆ.

ಮೂಳೆ ಮುರಿದಿರಲಿಲ್ಲ. ಮಣಿಕಟ್ಟು ಊದಿಕೊಂಡು ಹದಿನೈದು ದಿನ ಪಟ್ಟಿ ಕಟ್ಟಿಕೊಂಡಿದ್ದರು. ಮಗಳ ಮನೆಗೆ ಬಂದು ಮೂರು ವಾರ ಆಗಿತ್ತಂತೆ. ನಾನು ಹಣ್ಣು ಹಿಡಿದುಕೊಂಡು ಹೋದಾಗ ಎಡಗೈಯಲ್ಲೇ ಕಾಫಿ ತಂದುಕೊಟ್ಟರು.

ಆ ರಾತ್ರಿ ಕೂತು ಯೋಚಿಸಿದೆ. ನಾನು ನಿಯಮ ಮುರಿದಿರಲಿಲ್ಲ. ಟ್ರೇಲ್‌ನ ವೇಗದ ಮಿತಿ ಗಂಟೆಗೆ 15 ಮೈಲಿ, ಅಂದರೆ 24 ಕಿಲೋಮೀಟರ್. ನಾನು ಅದರ ಅರ್ಧವೂ ಇರಲಿಲ್ಲ. ಕೂಗಿ ಹೇಳಿದ್ದೆ. ಆದರೂ ಬಿದ್ದವರು ಅವರು, ನಿಂತವನು ನಾನು. ಹಾಗಾದರೆ ತಪ್ಪು ಯಾರದು? ನನ್ನದೇ. ಸುಮ್ನೆ ಸಂಕೋಚಕ್ಕೆ ಹೇಳುತ್ತಿಲ್ಲ, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ಗಂಟೆಗೆ ಹನ್ನೊಂದು ಅಂದರೆ ಸೆಕೆಂಡಿಗೆ ಮೂರು ಮೀಟರ್. ನಾನು ಕೂಗಿದ್ದು ನಾಲ್ಕು ಮೀಟರ್ ಹಿಂದಿನಿಂದ. ಅವರ ನಡಿಗೆ ಸೇರಿಸಿದರೂ ಎರಡೂವರೆ ಸೆಕೆಂಡು ಸಿಗುವುದಿಲ್ಲ. ಅರವತ್ತೆಂಟು ವರ್ಷದವರು, ಪರಭಾಷೆ ಕೇಳಿಸಿಕೊಂಡು, ಅರ್ಥ ಮಾಡಿಕೊಂಡು, ಯಾವ ಕಡೆ ಅಂತ ನಿರ್ಧರಿಸಲು ಅಷ್ಟು ಸಮಯ ಸಾಕಾ? ಅದೇ ಮಾತನ್ನು 15 ಮೈಲಿ ವೇಗದ ಸೈಕಲ್ ಸವಾರ ಅಷ್ಟೇ ಹತ್ತಿರದಿಂದ ಕೂಗಿದರೆ ಒಂದು ಸೆಕೆಂಡೂ ಇಲ್ಲ.

ಇನ್ನೊಂದು ವಿಷಯ ಇದೆ, ಇಲ್ಲಿ ಹುಟ್ಟಿ ಬೆಳೆದವರಿಗೆ ಹೊಳೆಯುವುದಿಲ್ಲ. ನಮ್ಮ ದೇಶದಲ್ಲಿ ಗಾಡಿ ಓಡುವುದು ರಸ್ತೆಯ ಎಡಗಡೆ. ಅರವತ್ತು ವರ್ಷ ಹಾರ್ನ್ ಕೇಳಿದರೆ ಎಡಕ್ಕೆ ಸರಿದ ಕಾಲು ಅದು. ಹಿಂದಿನಿಂದ ಸದ್ದು ಬಂದರೆ ತಲೆ ಕೇಳುವ ಮುಂಚೆ ಕಾಲೇ ಎಡಕ್ಕೆ ಹೋಗುತ್ತದೆ. ಅದರ ಮೇಲೆ ‘ಲೆಫ್ಟ್’ ಅನ್ನುವ ಶಬ್ದವೂ ಸೇರಿದರೆ ಇನ್ನೇನಾಗುತ್ತದೆ ಹೇಳಿ.

ಕೂಗಿದ ತಕ್ಷಣ ನಮ್ಮ ಜವಾಬ್ದಾರಿ ಮುಗಿಯಿತು ಅಂತ ನಾವು ಅಂದುಕೊಂಡಿದ್ದೇವೆ. ಮುಗಿಯುವುದಿಲ್ಲ. ಅವರಿಗೆ ಕೇಳಿಸಿತಾ, ಅರ್ಥವಾಯಿತಾ ಅಂತ ನೋಡುವುದೂ ಜೋರಾಗಿ ಹೋಗುವವನ ಕೆಲಸ. ಟ್ರೇಲ್ ತುದಿಯಲ್ಲಿ ಹಳದಿ ತ್ರಿಕೋನದ ಬೋರ್ಡ್ ನೋಡಿರುತ್ತೀರಿ. ಸೈಕಲ್‌ನವರು ನಡೆಯುವವರಿಗೂ ಕುದುರೆಗೂ ದಾರಿ ಬಿಡಬೇಕು, ನಡೆಯುವವರು ಕುದುರೆಗೆ ಬಿಡಬೇಕು. ಅದರಲ್ಲಿ ದಾರಿ ‘ಬಿಡಿ’ ಅಂತಿದೆ. ದಾರಿ ಬಿಡಿಸಿಕೊಳ್ಳಿ ಅಂತಿಲ್ಲ. ನಾವು ಓದುವುದು ಮಾತ್ರ ಉಲ್ಟಾ.

ಬೆಟ್ಟದ ಮಣ್ಣುದಾರಿಗಳಲ್ಲಿ ಕುದುರೆ ಎದುರಾದಾಗ ಏನು ಮಾಡುತ್ತೇವೆ? ಇಳಿದು, ಇಳಿಜಾರಿನ ಬದಿಗೆ ನಿಂತು, ಸವಾರರ ಜೊತೆ ಮೆಲ್ಲಗೆ ಮಾತಾಡುತ್ತೇವೆ. ಮನುಷ್ಯರ ದನಿ ಕೇಳಿದರೆ ಕುದುರೆಗೆ ಇದು ಮನುಷ್ಯ, ವಿಚಿತ್ರ ಪ್ರಾಣಿ ಅಲ್ಲ ಅಂತ ಗೊತ್ತಾಗುತ್ತದೆ, ಬೆದರುವುದಿಲ್ಲ. ಒಂದು ಕುದುರೆಗೆ ಇಷ್ಟು ಮಾಡುವವರು ಒಬ್ಬ ಅಜ್ಜಿಗೆ ಮಾಡಬಾರದಾ?

ನಾನು ಬದಲಾಯಿಸಿಕೊಂಡಿದ್ದು ಸ್ವಲ್ಪವೇ. ಸೀಟಿನ ಮುಂದಿನ ಹಿಡಿಗೆ ಒಂದು ಬೆಲ್ ಹಾಕಿಸಿದ್ದೇನೆ. ಮೂವತ್ತು ಮೀಟರ್ ದೂರದಲ್ಲೇ ಒಮ್ಮೆ ಟ್ರಿಣ್ ಅನ್ನಿಸುತ್ತೇನೆ. ಸೈಕಲ್ ಬೆಲ್ಲಿಗೆ ಭಾಷೆಯ ತೊಡಕಿಲ್ಲ. ಆಮೇಲೆ ವೇಗ ಇಳಿಸಿ ಅವರ ತಲೆ ನೋಡುತ್ತೇನೆ. ತಿರುಗಿದರೆ ಕೈ ಎತ್ತಿ ನಗುತ್ತೇನೆ, ದಾಟುತ್ತೇನೆ. ತಿರುಗದಿದ್ದರೆ ಇಳಿದುಬಿಡುತ್ತೇನೆ. ಯಾಕೆ ಇಳಿಯಬೇಕು, ನಿಧಾನಕ್ಕೆ ದಾಟಬಹುದಲ್ಲ ಅಂತ ಕೇಳಬಹುದು. ಯೂನಿಸೈಕಲ್ ಅತಿ ನಿಧಾನವಾದಷ್ಟೂ ಓಲಾಡುತ್ತದೆ, ಅಗಲ ಜಾಸ್ತಿ ಬೇಕಾಗುತ್ತದೆ. ಮಕ್ಕಳು, ಹಿರಿಯರು, ಉದ್ದ ಹಗ್ಗದ ನಾಯಿ ಇದ್ದ ಕಡೆ ಓಲಾಡುತ್ತಾ ದಾಟುವುದಕ್ಕಿಂತ ಇಳಿದು ಹತ್ತು ಹೆಜ್ಜೆ ನಡೆಯುವುದೇ ಸರಿ. ಮತ್ತೆ ಹತ್ತುವುದೂ ವ್ಯಾಯಾಮವೇ. ಒಂದು ಸಂಜೆಗೆ ಎಂಟು ಸಲ ಹತ್ತಿಳಿದ ದಿನ ಬೆವರು ಇನ್ನೂ ಚೆನ್ನಾಗಿ ಬರುತ್ತದೆ.

ಇದನ್ನು ಹೇಳಿದಾಗ ಕೆಲವರು ಇನ್ನೊಂದು ತುದಿಗೆ ಹೋಗುತ್ತಾರೆ. ಹಾಗಾದರೆ ಚಕ್ರ ಇರುವುದನ್ನೆಲ್ಲ ಟ್ರೇಲ್‌ನಿಂದ ಓಡಿಸಿಬಿಡಿ ಅಂತ. ಒಮ್ಮೆ ಒಬ್ಬರು ನನ್ನನ್ನು ನಿಲ್ಲಿಸಿ ‘ಇದು ಸೈಕಲ್ಲೇ ಅಲ್ಲ, ಇಲ್ಲಿ ತರಬೇಡ’ ಅಂದರು. ಕ್ಯಾಲಿಫೋರ್ನಿಯಾದ ವಾಹನ ಕಾನೂನಿನ 231ನೇ ಸೆಕ್ಷನ್ನಿನಲ್ಲಿ ಸೈಕಲ್ ಅಂದರೆ ‘ಒಂದು ಅಥವಾ ಹೆಚ್ಚು ಚಕ್ರ’ ಇರುವುದು ಅಂತಲೇ ಬರೆದಿದೆ. ನ್ಯೂಯಾರ್ಕ್ ನಗರದ ನಿಯಮದಲ್ಲಿ ಎರಡು ಅಥವಾ ಮೂರು ಚಕ್ರ ಅಂತಿದೆ, ನಮ್ಮಲ್ಲಿ ಹಾಗಿಲ್ಲ. ನನಗೆ ಅಲ್ಲಿ ಜಾಗ ಇದೆ, ಅದನ್ನು ಬಿಟ್ಟುಕೊಡುವುದಿಲ್ಲ. ಅದೇ ದಾರಿಯಲ್ಲಿ ಮಕ್ಕಳು ಶಾಲೆಗೆ ಸೈಕಲ್‌ನಲ್ಲಿ ಹೋಗುತ್ತಾರೆ, ಎಷ್ಟೋ ಜನ ಕಾರು ಬಿಟ್ಟು ಆಫೀಸಿಗೆ ಹೋಗುತ್ತಾರೆ. ಅವರನ್ನು ಮತ್ತೆ ರಸ್ತೆಯ ಕಾರುಗಳ ನಡುವೆ ತಳ್ಳುವುದು ಅನ್ಯಾಯ.

ಆದರೆ ಗಂಟೆಗೆ 28 ಮೈಲಿವರೆಗೆ ಮೋಟಾರಿನ ನೆರವು ಸಿಗುವ ಮೂರನೇ ದರ್ಜೆಯ ಎಲೆಕ್ಟ್ರಿಕ್ ಬೈಕುಗಳ ಬಗ್ಗೆ ನನ್ನ ಮಾತು ಬೇರೆ. ಸ್ಥಳೀಯವಾಗಿ ಅನುಮತಿ ಕೊಡದ ಹೊರತು ಕಾನೂನೇ ಅವುಗಳನ್ನು ಇಂಥ ದಾರಿಗಳಿಂದ ದೂರ ಇಟ್ಟಿದೆ. ಆದರೂ ಬರುತ್ತವೆ. ನಲವತ್ತೈದು ಕಿಲೋಮೀಟರ್ ವೇಗದ ಗಾಡಿಯೂ ಮೊಮ್ಮಗುವಿನ ಸ್ಟ್ರೋಲರ್ ತಳ್ಳುವ ಅಜ್ಜನೂ ಇಷ್ಟು ಕಿರಿದಾದ ದಾರಿ ಹಂಚಿಕೊಳ್ಳಲು ಆಗುವುದಿಲ್ಲ. ನಮ್ಮ ಕನ್ನಡದ ಹುಡುಗರಲ್ಲೂ ಹಲವರು ಕೊಂಡಿದ್ದೀರಿ. ದಯವಿಟ್ಟು ರಸ್ತೆಯ ಬೈಕ್ ಲೇನಿನಲ್ಲಿ ಓಡಿಸಿ.

ನಡೆಯುವವರಿಗೂ ಒಂದೆರಡು ಮಾತು. ಮೂವರು ಅಕ್ಕಪಕ್ಕ ನಡೆಯುತ್ತಾ ಪೂರ್ತಿ ದಾರಿ ತುಂಬಬೇಡಿ. ಎರಡೂ ಕಿವಿಗೆ ಇಯರ್‌ಫೋನ್ ಬೇಡ. ಥಟ್ಟನೆ ಹಿಂದಕ್ಕೆ ತಿರುಗುವ ಮುಂಚೆ ಒಮ್ಮೆ ನೋಡಿ.

ಮತ್ತೆ, ಅಪ್ಪ ಅಮ್ಮನನ್ನು ಕರೆಸಿಕೊಂಡಿರುವವರೇ, ಅವರನ್ನು ಮೊದಲ ದಿನವೇ ‘ವಾಕಿಂಗ್ ಹೋಗಿಬನ್ನಿ’ ಅಂತ ಬಾಗಿಲಲ್ಲಿ ಬೀಳ್ಕೊಡಬೇಡಿ. ಮೂರು ನಾಲ್ಕು ಸಂಜೆ ಜೊತೆಗೆ ಹೋಗಿ. ಬಲಗಡೆ ನಡೆಯುವುದನ್ನು ರೂಢಿ ಮಾಡಿಸಿ. ಹಿಂದಿನಿಂದ ಯಾರಾದರೂ ‘ಲೆಫ್ಟ್’ ಅಂದರೆ ಇದ್ದಲ್ಲೇ ನಿಂತುಬಿಡಿ, ಎಲ್ಲಿಗೂ ಸರಿಯಬೇಡಿ ಅಂತ ಹೇಳಿಕೊಡಿ. ನಿಂತವರನ್ನು ಯಾರು ಬೇಕಾದರೂ ಸುತ್ತಿಕೊಂಡು ಹೋಗಬಹುದು.

ಆ ಅಮ್ಮ ಜನವರಿಯಲ್ಲಿ ಅರಸೀಕೆರೆಗೆ ವಾಪಸ್ಸು ಹೋದರು. ಹೋಗುವ ಮುಂಚೆ ಒಂದು ಸಂಜೆ ಅದೇ ಕೊಳದ ಹತ್ತಿರ ಸಿಕ್ಕಿದರು. ನನ್ನ ಬೆಲ್ ಕೇಳಿ ನಿಂತು, ತಿರುಗಿ, ‘ಬಾರಪ್ಪಾ, ಬಾ’ ಅಂತ ಕೈ ಮಾಡಿದರು. ಅವತ್ತು ನಾನು ದಾಟಲಿಲ್ಲ. ಇಳಿದು, ಚಕ್ರ ತಳ್ಳಿಕೊಂಡು, ಅವರ ಮನೆಯ ತಿರುವಿನವರೆಗೂ ಜೊತೆಗೆ ನಡೆದೆ.

ಮುಂದಿನ ಶುಕ್ರವಾರ ನಮ್ಮಮ್ಮ ಬರುತ್ತಿದ್ದಾರೆ. ಬಿಳಿ ಸ್ಪೋರ್ಟ್ಸ್ ಶೂ ಆಗಲೇ ತಂದಿಟ್ಟಿದ್ದೇನೆ. ಮೊದಲ ವಾರ ಯೂನಿಸೈಕಲ್ ಗ್ಯಾರೇಜಿನಲ್ಲೇ ಇರುತ್ತದೆ.