ಮೂವತ್ತು ಸಾವಿರದ ಕೆಲಸ, ಕೈಗೆ ಇಪ್ಪತ್ತೊಂದೂವರೆ

ಅಕ್ಕನ ಮಗನಿಗೆ ವೇಮಗಲ್ ಕಡೆ ಒಂದು ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಆಫರ್ ಲೆಟರ್‌ನಲ್ಲಿ ಸಿಟಿಸಿ ವರ್ಷಕ್ಕೆ 3,60,000 ಎಂದಿತ್ತು. ಮನೆಯವರೆಲ್ಲ ಹನ್ನೆರಡರಿಂದ ಭಾಗಿಸಿದರು. ತಿಂಗಳಿಗೆ ಮೂವತ್ತು ಸಾವಿರ! ಅಕ್ಕ ಬೀದಿಗೆಲ್ಲ ಹೇಳಿಕೊಂಡು ಬಂದಳು, ಹುಡುಗ ಸಂಬಳದ ಮುಖ ನೋಡುವ ಮೊದಲೇ ಕಂತಿನಲ್ಲಿ ಬೈಕ್ ತಂದ. ಮೊದಲ ಸಂಬಳ ಬಂದದ್ದು 21,500. ರಾತ್ರಿ ಹತ್ತಕ್ಕೆ ನನಗೆ ಫೋನ್. "ಮಾವ, ಎಂಟೂವರೆ ಸಾವಿರ ಟ್ಯಾಕ್ಸ್ ಹೊಡೆದಿದ್ದಾರೆ."

ನಾನು ನರಸಾಪುರದ ಹತ್ತಿರ ಒಂದು ಸಣ್ಣ ಕಂಪನಿಯಲ್ಲಿ ಇದೇ ಸಂಬಳದ ಲೆಕ್ಕ ಮಾಡುವವನು. ತಿಂಗಳಿಗೆ ನಾಲ್ಕೈದು ಜನ ನನ್ನ ಮೇಜಿನ ಮುಂದೆ ನಿಂತು ಇದೇ ಮಾತು ಹೇಳುತ್ತಾರೆ. ಆಫರ್ ಲೆಟರ್‌ನ ಕೊನೇ ಪುಟದ ಫೋಟೋ ಕಳಿಸು ಅಂದೆ. ಮೊದಲ ಪುಟ ಎಲ್ಲರೂ ಸ್ಟೇಟಸ್‌ಗೆ ಹಾಕುತ್ತಾರೆ, ಕೊನೇ ಪುಟ ಯಾರೂ ಓದುವುದಿಲ್ಲ.

ಸಿಟಿಸಿ ಅಂದರೆ ಸಂಬಳ ಅಲ್ಲ. ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ಬೀಳುವ ಒಟ್ಟು ಖರ್ಚು. ಇವನ ಮೂವತ್ತು ಸಾವಿರದಲ್ಲಿ ಕಂಪನಿ ತನ್ನ ಪಾಲಿನ ಪಿಎಫ್ (ಭವಿಷ್ಯ ನಿಧಿ) 1,800 ಸೇರಿಸಿತ್ತು. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಅಂತ 721, ಅದು ಸಿಗಬೇಕಾದರೆ ಐದು ವರ್ಷ ಅಲ್ಲೇ ಇರಬೇಕು. ಆರೋಗ್ಯ ವಿಮೆಗೆ 479. ಆಮೇಲೆ 'ವೇರಿಯಬಲ್' 2,500, ಇದು ವರ್ಷದ ಕೊನೆಗೆ, ಅದೂ ಕೊಟ್ಟರೆ ಉಂಟು. ಸೇರಿಸಿದರೆ 5,500. ಇದು ಪೇ ಸ್ಲಿಪ್‌ನಲ್ಲಿ ಕಾಣುವುದೂ ಇಲ್ಲ. ಹಾಗಾಗಿ ಸ್ಲಿಪ್ ಶುರುವಾಗುವುದೇ 24,500ರಿಂದ. ಅದರಲ್ಲಿ ಬೇಸಿಕ್ (ಮೂಲ ವೇತನ), ಡಿಎ (ತುಟ್ಟಿಭತ್ಯೆ) ಸೇರಿ 15,000, ಅದರ 12 ಪರ್ಸೆಂಟ್ ಅಂದರೆ 1,800 ಇವನ ಪಾಲಿನ ಪಿಎಫ್. ಬಸ್ಸು, ಕ್ಯಾಂಟೀನ್ 1,200. ಉಳಿದದ್ದು 21,500. ಎಂಟೂವರೆ ಸಾವಿರದಲ್ಲಿ ಟ್ಯಾಕ್ಸ್ ಅಂತ ಸರ್ಕಾರಕ್ಕೆ ಹೋದದ್ದು ಒಂದು ರೂಪಾಯಿಯೂ ಇಲ್ಲ! ಬೈಯುವುದಾದರೆ ಸರಿಯಾದವರನ್ನು ಬೈಯಬೇಕು ಅಲ್ವಾ?

ಪಿಎಫ್ ಹೊಡೆದ ದುಡ್ಡಲ್ಲ. ಇವನ 1,800 ಪೂರ್ತಿ ಇವನ ಖಾತೆಗೇ ಹೋಗುತ್ತದೆ. ಕಂಪನಿಯ 1,800ರಲ್ಲಿ 1,250 ಪಿಂಚಣಿ ಖಾತೆಗೆ, 550 ಪಿಎಫ್‌ಗೆ. ತಿಂಗಳಿಗೆ 2,350 ಜಮಾ, 2024–25ರಲ್ಲಿ ಅದಕ್ಕೆ ಬಡ್ಡಿ 8.25 ಪರ್ಸೆಂಟ್ ಕೊಟ್ಟರು. ನಮ್ಮ ಹುಡುಗರು ಆರು ತಿಂಗಳಿಗೊಂದು ಫ್ಯಾಕ್ಟರಿ ಬದಲಾಯಿಸುತ್ತಾ, ಪ್ರತಿ ಸಲ ಅದನ್ನು ಬಿಡಿಸಿ ಮೊಬೈಲ್ ಕೊಳ್ಳುತ್ತಾರೆ. ಕೆಲಸದಲ್ಲಿದ್ದಾಗ ಜೀವ ಹೋದರೆ ಪಿಎಫ್ ಜೊತೆಗಿರುವ ವಿಮೆಯಿಂದ ಮನೆಯವರಿಗೆ 7 ಲಕ್ಷದವರೆಗೆ ಬರುತ್ತದೆ ಅನ್ನುವುದು ಎಷ್ಟು ಮನೆಗೆ ಗೊತ್ತು? ದಯವಿಟ್ಟು ನಾಮಿನಿ ಹೆಸರು ಹಾಕಿ. ಎಷ್ಟು ಸಲ ಹೇಳಿದರೂ ಹಾಕುವುದಿಲ್ಲ.

ಭಾವ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದರಂತೆ. ಅವರು ಮೂವತ್ತು ವರ್ಷದಿಂದ ಕೋಲಾರದ ಮಂಡಿಗೆ ಟೊಮೇಟೊ ಹಾಕುವವರು. ಹದಿನೈದು ಕೆಜಿ ಬಾಕ್ಸ್ ಎಷ್ಟಕ್ಕೆ ಹೋಯಿತು ಅಂತ ಯಾರಾದರೂ ಕೇಳಿದರೆ ರೇಟು ಹೇಳಿ ಸುಮ್ಮನಾಗುವವರಲ್ಲ. ಬಾಡಿಗೆ, ಹಮಾಲಿ, ಕಮಿಷನ್ ಕಳೆದು ಕೈಗೆ ಎಷ್ಟು ಬಂತು ಅಂತಲೇ ಮಾತು ಮುಗಿಸುವುದು. "ಅಷ್ಟೇ ತಾನೇ ಇದು? ನಾನು ಬಾಕ್ಸ್ ರೇಟ್ ನಂಬಿ ಸಾಲ ಮಾಡಲ್ಲ, ಇವನ್ಯಾಕೆ ಮಾಡಿದ?" ಅಂದರು. ಡಿಪ್ಲೊಮಾ ಓದಿದವನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ತಮಾಷೆ. ಕರ್ನಾಟಕದಲ್ಲಿ ತಿಂಗಳಿಗೆ 25,000 ಮುಟ್ಟಿದರೆ ವೃತ್ತಿ ತೆರಿಗೆ 200. ನಮ್ಮಲ್ಲಿ 24,900 ಇದ್ದ ಒಬ್ಬರಿಗೆ 150 ರೂಪಾಯಿ ಜಾಸ್ತಿ ಮಾಡಿದರು, ಕೈಗೆ 50 ಕಮ್ಮಿ ಬಂತು. ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ವರ್ಷಕ್ಕೆ 2,500 ಮೀರಬಾರದು ಅಂತ ಸಂವಿಧಾನದಲ್ಲೇ ಇದೆ. ಇನ್ನೂರರಂತೆ 2,400 ಆಗುತ್ತಿತ್ತು, ಆ ನೂರನ್ನೂ ಬಿಡಲಿಲ್ಲ, 2025ರ ಏಪ್ರಿಲ್‌ನಿಂದ ಫೆಬ್ರವರಿಗೆ 300 ಮಾಡಿದರು.

ಇಎಸ್‌ಐದು ತಮಾಷೆ ಅಲ್ಲ, ಅದು ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ. 21,000ದವರೆಗೆ ಸಂಬಳ ಇದ್ದರೆ ನಿಮ್ಮಿಂದ 0.75 ಪರ್ಸೆಂಟ್, ಕಂಪನಿಯಿಂದ 3.25. ಇಪ್ಪತ್ತು ಸಾವಿರಕ್ಕೆ ನೀವು ಕೊಡುವುದು 150 ರೂಪಾಯಿ, ಅಷ್ಟಕ್ಕೆ ಇಡೀ ಮನೆಗೆ ಚಿಕಿತ್ಸೆ. ಸಂಬಳ ಮಿತಿ ದಾಟಿದರೂ ಆ ಅರ್ಧ ವರ್ಷ, ಅಂದರೆ ಸೆಪ್ಟೆಂಬರ್ ಅಥವಾ ಮಾರ್ಚ್ ಮುಗಿಯುವವರೆಗೆ, ಕಡಿತ ನಡೆಯುತ್ತದೆ. ಆಮೇಲೆ ನಿಲ್ಲುತ್ತದೆ. ತಾಯಿಗೆ ಕಾಯಿಲೆ ಇದ್ದವರು ಒಬ್ಬರು ಬಂದು, ಸಾರ್ ಈ ವರ್ಷ ನನಗೆ ಐನೂರು ಜಾಸ್ತಿ ಮಾಡಬೇಡಿ ಅಂತ ಕೇಳಿಕೊಂಡಿದ್ದರು. ಸಂಬಳ ಏರಿಸಬೇಡಿ ಅಂತ ಬೇಡುವ ಪರಿಸ್ಥಿತಿ ನೋಡಿ. ಈ ಮಿತಿಯನ್ನು 2017ರಿಂದ ಹಾಗೇ ಇಟ್ಟಿದ್ದಾರೆ. ಅಕ್ಕಿ ಬೇಳೆ ರೇಟು ಹಾಗೇ ಇದೆಯಾ?

ಆದಾಯ ತೆರಿಗೆ ನಮ್ಮಂಥವರ ಹತ್ತಿರ ಬರುವುದೇ ಇಲ್ಲ. 2025–26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷದ ಸಂಬಳ 12,75,000ದವರೆಗೆ ಸೊನ್ನೆ. ಬಂಗಾರಪೇಟೆಯಿಂದ ದಿನಾ ಬೆಂಗಳೂರಿಗೆ ರೈಲು ಹತ್ತುವ ಐಟಿ ಗೆಳೆಯರಿಗೆ ಮಾತ್ರ ಒಂದು ಮಾತು. ವರ್ಷದ ಮಧ್ಯ ಕೆಲಸ ಬದಲಾಯಿಸಿದರೆ ಹಳೇ ಸಂಬಳವನ್ನು ಹೊಸ ಕಂಪನಿಗೆ ಹೇಳಿ. ಅಲ್ಲಿ 6 ಲಕ್ಷ, ಇಲ್ಲಿ 8 ಲಕ್ಷ ಪಡೆದರೆ ಇಬ್ಬರೂ ಸೊನ್ನೆ ಅಂತ ಬಿಡುತ್ತಾರೆ. ರಿಟರ್ನ್ ಹಾಕುವಾಗ 81,900 ಎದುರಿಗೆ ನಿಲ್ಲುತ್ತದೆ, ಮೇಲೆ ಬಡ್ಡಿ.

ನನ್ನ ಅಭಿಪ್ರಾಯ ಇಷ್ಟೇ. ಕೈಗೆ ಎಷ್ಟು ಬರುತ್ತದೆ ಅನ್ನುವುದನ್ನು ಆಫರ್ ಲೆಟರ್‌ನ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಹಾಕಬೇಕು. ನಮ್ಮ ಕಂಪನಿಯಲ್ಲೂ ಹಾಕುವುದಿಲ್ಲ, ನಾನೇ ಒಮ್ಮೆ ಕೇಳಿದ್ದೆ. "ಹಾಗೆ ಹಾಕಿದರೆ ಪಕ್ಕದ ಗೇಟಿಗೆ ಹೋಗುತ್ತಾರೆ ಕಣ್ರೀ" ಅಂದರು. ಪಕ್ಕದ ಗೇಟಿನವರೂ ಇದನ್ನೇ ಹೇಳುತ್ತಿರಬೇಕು.

ಈಗ ಹುಡುಗನಿಗೆ ಮಾಲೂರಿನ ಕಡೆಯಿಂದ ಇನ್ನೊಂದು ಆಫರ್ ಬಂದಿದೆ, 4,20,000. ಈ ಸಲ ಭಾಗಿಸಲಿಲ್ಲ. ಎಚ್‌ಆರ್‌ಗೆ ಫೋನ್ ಮಾಡಿ, ವೇರಿಯಬಲ್ ಬಿಟ್ಟು ಎಲ್ಲ ಕಳೆದು ಬ್ಯಾಂಕಿಗೆ ಎಷ್ಟು ಬೀಳುತ್ತದೆ, ಮೇಲ್ ಮಾಡಿ ಅಂದನಂತೆ. ನಾಲ್ಕು ದಿನ ಆಯಿತು, ಮೇಲ್ ಬಂದಿಲ್ಲ. ಬೈಕಿನ ಕಂತು ಮಾತ್ರ ಐದನೇ ತಾರೀಖಿಗೆ ಸರಿಯಾಗಿ ಕಟ್ ಆಗುತ್ತಿದೆ.