ರೇಯಾನ್ ಒಗೆಯುವ ರೀತಿಯೇ ಬೇರೆ

ಬಟ್ಟೆ ಒಗೆಯುವ ಬಗ್ಗೆ ನೀವು ಬರೆದ ಲೇಖನ ತುಂಬಾ ಉಪಯುಕ್ತವಾಗಿದೆ. ಆದರೆ ಹತ್ತಿ, ರೇಯಾನ್ ಎರಡನ್ನೂ ಒಂದೇ ರೀತಿ ಒಗೆಯಬಹುದು ಎಂದು ಬರೆದಿದ್ದೀರಿ. ದಯವಿಟ್ಟು ಅದನ್ನು ತಿದ್ದಿ.

ಎರಡೂ ಗಿಡಮರಗಳ ಸೆಲ್ಯುಲೋಸ್‌ನಿಂದಲೇ (ನಾರಿನ ಅಂಶದಿಂದಲೇ) ಬಂದವು, ನಿಜ. ಆದರೆ ನೀರಿಗೆ ಬಿದ್ದಾಗ ಎರಡರ ಗುಣ ಪೂರ್ತಿ ಬೇರೆ. ಹತ್ತಿಯ ನೂಲು ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕೇ ಉಜ್ಜಿದರೂ ಹಿಂಡಿದರೂ ತಡೆದುಕೊಳ್ಳುತ್ತದೆ. ಸಾಮಾನ್ಯ ರೇಯಾನ್ ಹಾಗಲ್ಲ. ಒದ್ದೆಯಾದಾಗ ಅದರ ಬಲ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಆಗ ಬ್ರಷ್ ಹಾಕಿ ತಿಕ್ಕಿದರೆ, ಜೋರಾಗಿ ಹಿಂಡಿದರೆ ಬಟ್ಟೆ ಹಾಳಾಗದೆ ಇನ್ನೇನಾಗುತ್ತದೆ? ನೀರಿನ ಭಾರಕ್ಕೆ ಜೋತುಬಿದ್ದು ಆಕಾರವೂ ಕೆಡುತ್ತದೆ. ತಣ್ಣೀರಿನಲ್ಲಿ ಮೆಲ್ಲಗೆ ಒಗೆದು, ಒಣ ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡಿದರೆ ಸಾಕು. ಒಣಗಿದ ಮೇಲೆ ಬಲ ವಾಪಸ್ ಬರುತ್ತದೆ. (ಮೋಡಾಲ್, ಲಯೋಸೆಲ್ ಕೂಡ ಇದೇ ಜಾತಿಯವು. ಆದರೆ ಒದ್ದೆಯಲ್ಲೂ ಸಾಕಷ್ಟು ಗಟ್ಟಿ. ನನಗೆ ಅವೇ ಹೆಚ್ಚು ಇಷ್ಟ.)

ಇನ್ನೊಂದು ಮಾತು ಸೇರಿಸಿದರೆ ಚೆನ್ನ. ರೇಷ್ಮೆ, ಉಣ್ಣೆ ಎರಡೂ ಪ್ರೋಟೀನ್. ಕ್ಲೋರಿನ್ ಬ್ಲೀಚ್ ಅವುಗಳ ಎಳೆಯನ್ನೇ ಕರಗಿಸುತ್ತದೆ. ಕಲೆ ತೆಗೆಯಲು ಪ್ರೋಟೀನ್ ಒಡೆಯುವ ಎಂಜೈಮ್ ಹಾಕಿದ ಪುಡಿಯೂ ಅವಕ್ಕೆ ಬೇಡ. ಬಿಳಿ ರೇಷ್ಮೆ ಹಳದಿಯಾಯಿತು ಎಂದು ಬ್ಲೀಚ್ ಹಾಕುವವರು ಜಾಸ್ತಿ ಇದ್ದಾರೆ, ಅವರಿಗೆ ಇದು ಗೊತ್ತಾಗಬೇಕು.

ಟವೆಲ್‌ಗೆ ಫ್ಯಾಬ್ರಿಕ್ ಕಂಡೀಷನರ್ ಹಾಕಿ ಎಂಬ ಸಲಹೆಯನ್ನೂ ತೆಗೆಯಿರಿ. ಅದು ಎಳೆಗಳ ಮೇಲೆ ಪದರವಾಗಿ ಕೂರುತ್ತದೆ. ಟವೆಲ್ ಮೆತ್ತಗಾಗುತ್ತದೆ, ಆದರೆ ನೀರು ಹೀರುವುದು ಕಡಿಮೆಯಾಗುತ್ತದೆ.